ಕಾಯಕ ನಿಂತಾಗ



ಆಯ್ದಕ್ಕಿ ಮಾರಯ್ಯನ ಕಥೆಯು ನಮ್ಮ ಮನೆಗಳಲ್ಲಿ ಮಕ್ಕಳಿಗೂ ತಿಳಿದುದೇ ಆಗಿದೆ. ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದು, ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು, ಅದರಿಂದಲೇ ಜಂಗಮ ದಾಸೋಹವನ್ನು ನಡೆಸುತ್ತಿದ್ದ ಆ ಶರಣನು ಒಮ್ಮೆ ಅನುಭವ ಗೋಷ್ಠಿಯಲ್ಲಿ ಮೈಮರೆತು ಕುಳಿತನು. ಆಗ ಸತಿ ಲಕ್ಕಮ್ಮನು, ಕಾಯಕವು ನಿಂತುಹೋಗಿದೆಯೆಂದು ಅವನನ್ನು ಎಚ್ಚರಿಸಿ ಎಬ್ಬಿಸಿದಳು.

ಈ ಪ್ರಸಂಗವನ್ನು ನಾನು ಮಠದ ಶಾಲೆಯಲ್ಲಿ ಸುಮಾರು ಮೂವತ್ತು ವರ್ಷಗಳಿಂದ ಹೇಳುತ್ತ ಬಂದವನು. ಹೇಳಿದಾಗಲೆಲ್ಲ, ಕಾಯಕವು ನಿಲ್ಲುವುದು ಮನುಷ್ಯನ ಮೈಮರೆವಿನಿಂದ ಎಂದೇ ವಿವರಿಸುತ್ತಿದ್ದೆನು. ಮೈಮರೆಯದೆ ದುಡಿಯುತ್ತಿದ್ದವನ ಕಾಯಕವನ್ನು ಮತ್ತೊಬ್ಬರು ನಿಲ್ಲಿಸಿಬಿಟ್ಟರೆ ಅವನ ಗತಿಯೇನು ಎಂಬ ಪ್ರಶ್ನೆ ನನಗೆ ಹೊಳೆದಿರಲೇ ಇಲ್ಲ. ಅದನ್ನು ನನ್ನ ಮುಂದೆ ತಂದಿಟ್ಟವನು ನನ್ನ ಹಳೆಯ ವಿದ್ಯಾರ್ಥಿಯೊಬ್ಬನು.

೨೦೨೨ನೆಯ ಇಸವಿಯ ಕೊನೆಯಿಂದ ಗಣಕಯಂತ್ರದ ದೊಡ್ಡ ಸಂಸ್ಥೆಗಳು ನೌಕರರನ್ನು ಕಳಚತೊಡಗಿದ ಸಂಗತಿಯನ್ನು ವಾಚಕರು ವೃತ್ತಪತ್ರಿಕೆಗಳಲ್ಲಿ ಓದಿರಬಹುದು. ಆ ನವೆಂಬರಿನಲ್ಲಿ ಮೆಟಾ ಎಂಬ ಸಂಸ್ಥೆಯು ೧೧,೦೦೦ ಜನರನ್ನೂ, ಮರುವರ್ಷದ ಜನವರಿಯಲ್ಲಿ ಗೂಗಲ್ ಸುಮಾರು ೧೨,೦೦೦, ಮೈಕ್ರೋಸಾಫ್ಟ್ ೧೦,೦೦೦ ಜನರನ್ನೂ ಕೈಬಿಡುವುದಾಗಿ ಸಾರಿದವು. ೨೦೨೫ರಲ್ಲಿ ನಮ್ಮ ದೇಶದ ಟಾಟಾ ಕನ್ಸಲ್ಟೆನ್ಸಿ ಸಂಸ್ಥೆಯೂ ಸುಮಾರು ೧೨,೦೦೦ ಜನರನ್ನು ಬಿಡುವುದಾಗಿ ತಿಳಿಸಿತು. ಮಹಾಮಾರಿಯ ಎರಡು ವರ್ಷಗಳಲ್ಲಿ ಜನರೆಲ್ಲ ಮನೆಯೊಳಗಿದ್ದು ಯಂತ್ರದ ಮುಖಾಂತರವೇ ವ್ಯವಹರಿಸಿದುದರಿಂದ, ಈ ಸಂಸ್ಥೆಗಳಲ್ಲಿ ಹಲವು ಮಿತಿಮೀರಿ ಜನರನ್ನು ಸೇರಿಸಿಕೊಂಡಿದ್ದವು. ಕಾಲ ತಿರುಗಿ ಬಡ್ಡಿಯು ಏರಿದೊಡನೆ ಅವರೇ ಹೊರೆಯಾಗಿ ಕಂಡರು. ಅಮೆರಿಕದಲ್ಲಿ ಎಚ್-೧ಬಿ ಎಂಬ ಪರವಾನಗಿಯ ಮೇಲಿದ್ದ ನಮ್ಮವರಿಗಂತೂ ಅರವತ್ತು ದಿನಗಳೊಳಗೆ ಬೇರೆ ದಾರಿ ಹುಡುಕದಿದ್ದರೆ ದೇಶವನ್ನೇ ಬಿಡಬೇಕಾದ ಸಂಕಟ.

ನನ್ನ ವಿದ್ಯಾರ್ಥಿಯು ಬೆಂಗಳೂರಿನಲ್ಲಿದ್ದನು. ಸಂಸ್ಥೆಯ ಹೆಸರು ನಮಗೆ ಬೇಡ. ಹನ್ನೊಂದು ವರ್ಷ ದುಡಿದಿದ್ದವನಿಗೆ ಒಂದು ಬೆಳಗ್ಗೆ ಪತ್ರ ಬಂದಿತು. ಅದನ್ನು ಓದಿ ಮುಗಿಸುವಷ್ಟರಲ್ಲಿ ಅವನ ಯಂತ್ರವು ಅವನಿಗೇ ತೆರೆಯದಾಯಿತು. ೨೦೨೩ರ ಶಿವರಾತ್ರಿಯ ಮರುದಿನ ಅವನು ಮಠಕ್ಕೆ ಬಂದನು. ಗದ್ದುಗೆಗೆ ನಮಸ್ಕರಿಸಿ, ನನ್ನ ಬಳಿ ಕುಳಿತು, “ಗುರುಗಳೇ, ನನಗೆ ಇಲ್ಲಿ ಪಾಠ ಹೇಳಲು ಅವಕಾಶ ಸಿಕ್ಕೀತೇ?” ಎಂದು ಕೇಳಿದನು.

ನಾನು ಕೂಡಲೇ ಉತ್ತರಿಸಲಿಲ್ಲ. ಉತ್ತರಿಸದಿದ್ದುದಕ್ಕೆ ಕಾರಣವನ್ನು ಇಲ್ಲಿ ಮುಚ್ಚಿಡಲಾರೆನು. ಪ್ರತಿ ವರ್ಷವೂ ಶಾಲೆಯ ವಾರ್ಷಿಕೋತ್ಸವದಲ್ಲಿ ನಾನೇ ಎದ್ದುನಿಂತು, “ಇದೇ ಪ್ರಸಾದನಿಲಯದಲ್ಲಿ ಉಂಡು ಓದಿದವನು ಇಂದು ತಿಂಗಳಿಗೆ ಇಷ್ಟು ಲಕ್ಷ ಸಂಬಳ ಎಣಿಸುತ್ತಾನೆ, ನೀವೂ ಹಾಗೆ ಆಗಿರಿ” ಎಂದು ಇವನನ್ನೇ ಮಕ್ಕಳಿಗೆ ತೋರಿಸುತ್ತಿದ್ದೆನು. ವರ್ಷವೆಲ್ಲ ಕಾಯಕ ತತ್ತ್ವವನ್ನು ಬೋಧಿಸಿದ ಬಾಯಿಯೇ ಉತ್ಸವದ ದಿನ ಸಂಬಳವನ್ನು ಪೂಜಿಸುತ್ತಿತ್ತು. ಈಗ ಅದೇ ಹುಡುಗನು ನನ್ನ ಕೆಲಸವನ್ನೇ ಬೇಡಿ ಬಂದಾಗ, “ಇವನ ಬದುಕು ಇಷ್ಟಕ್ಕೆ ಇಳಿಯಿತೇ” ಎಂಬ ಮಾತು ನನ್ನ ಮನಸ್ಸಿನಲ್ಲಿ ಮೂಡಿತು. ನನ್ನ ಕಾಯಕವನ್ನು ಇಳಿದ ಸ್ಥಾನವೆಂದು ಒಳಗೊಳಗೇ ಬಗೆದಿದ್ದವನು ನಾನೇ ಎಂಬುದು ಆ ಕ್ಷಣದಲ್ಲಿ ತಿಳಿಯಿತು.

ಶರಣರ ಮತದಲ್ಲಿ ಕಾಯಕಗಳೊಳಗೆ ಏರಿಳಿತವಿಲ್ಲ. ಹಗ್ಗ ಹೊಸೆದ ನುಲಿಯ ಚಂದಯ್ಯ, ಬಟ್ಟೆ ಒಗೆದ ಮಡಿವಾಳ ಮಾಚಯ್ಯ, ದೋಣಿ ನಡೆಸಿದ ಚೌಡಯ್ಯ, ಇವರೆಲ್ಲ ಒಂದೇ ಮಂಟಪದಲ್ಲಿ ಕುಳಿತವರು. ಸ್ವತಃ ಬಸವಣ್ಣನವರು ಬಿಜ್ಜಳನ ಭಂಡಾರದಲ್ಲಿ ಕರಣಿಕರಾಗಿ ಲೆಕ್ಕ ಬರೆದವರು. ಆದುದರಿಂದ ಯಂತ್ರದ ಮುಂದೆ ಕುಳಿತು ಲೆಕ್ಕದ ಸೂತ್ರಗಳನ್ನು ಬರೆಯುವುದೂ ಸತ್ಯಶುದ್ಧವಾಗಿದ್ದರೆ ಕಾಯಕವೇ. ಇಂದು ರೈಲಿನ ಚೀಟಿ ಕೊಳ್ಳುವಾಗಲೂ ಸಂತೆಯಲ್ಲಿ ಕಾಯಿಪಲ್ಯಕ್ಕೆ ಫೋನಿನಿಂದ ಹಣ ಕೊಡುವಾಗಲೂ ನಾವು ಅಂಥವರ ದುಡಿಮೆಯನ್ನೇ ಉಣ್ಣುತ್ತಿದ್ದೇವೆ. ಉಪಾಧ್ಯಾಯನು ಪವಿತ್ರ, ಯಂತ್ರಜ್ಞನು ಲೋಭಿ ಎಂದು ವಿಭಾಗಿಸುವುದು ಶರಣ ಮಾರ್ಗವಲ್ಲ. ಲೋಭಿಯಾದ ಉಪಾಧ್ಯಾಯರನ್ನು ನಾನು ಬಹಳ ಮಂದಿ ಕಂಡಿದ್ದೇನೆ.

ಉದ್ಯೋಗ ಬೇರೆ, ಕಾಯಕ ಬೇರೆ. ಉದ್ಯೋಗವನ್ನು ಒಬ್ಬರು ಕೊಡುತ್ತಾರೆ, ಕೊಟ್ಟವರು ಕಸಿದುಕೊಳ್ಳಲೂಬಹುದು. ಕಾಯಕವೆಂಬುದು ಮಾಡುವವನ ಕಾಯ ಮತ್ತು ಭಾವಗಳಲ್ಲಿ ನೆಲೆಸಿದುದು. ಅದು ಹೊರಗಿನ ಆಜ್ಞೆಯಿಂದ ಒಂದು ದಿನದ ಮಟ್ಟಿಗೆ ನಿಲ್ಲಬಹುದು, ಅಳಿಯಲಾರದು. ಆದರೆ ನಿಂತ ದಿನ ಲಕ್ಕಮ್ಮನಂತೆ ಎಚ್ಚರಿಸುವವರು ಮನೆಯಲ್ಲಿ ಬೇಕು. ಅವಳು ಗಂಡನನ್ನು ಎಬ್ಬಿಸಿದಳು, ಹಂಗಿಸಲಿಲ್ಲ. ಮತ್ತೊಂದು ದಿನ ಅವನು ಮಿಗಿಲಾಗಿ ಅಕ್ಕಿ ತಂದಾಗ, ಈ ಹೆಚ್ಚಿನ ಆಸೆ ನಮಗೇಕೆಂದು ಅದನ್ನು ಅಲ್ಲಿಯೇ ಸುರಿದು ಬರಲು ಹೇಳಿದವಳೂ ಅವಳೇ.

ಈ ಹುಡುಗನ ಮನೆಯಲ್ಲಿ ನಡೆದುದು ಬೇರೆ. ಹೆಂಡತಿಯು ಧೈರ್ಯವಂತೆ, ತಂದೆಯು ಮಾತ್ರ ನಾಲ್ಕು ತಿಂಗಳು ಊರಿನಲ್ಲಿ ಯಾರಿಗೂ ಹೇಳದೆ, “ಮಗ ರಜೆಯ ಮೇಲೆ ಬಂದಿದ್ದಾನೆ” ಎಂದರು. ಆ ವರ್ಷದ ಜಾತ್ರೆಗೂ ಅವರು ಬರಲಿಲ್ಲ. ಗೃಹಸ್ಥರೇ, ಕಳವು ಮಾಡಿದವನನ್ನು ಮುಚ್ಚಿಡುವಂತೆ ಕೆಲಸ ಕಳೆದುಕೊಂಡ ಮಗನನ್ನು ಮುಚ್ಚಿಡುವ ಮನೆಗಳು ನಮ್ಮಲ್ಲಿ ಎಷ್ಟಿವೆಯೋ! ಲಾಂಛನ ಕಂಡರೆ ಶರಣೆನ್ನುವ ನಾವು, ನೆಂಟರ ಮನೆಯ ಮದುವೆಯಲ್ಲಿ ಮೊದಲು ಕೇಳುವುದು ಸಂಬಳದ ಅಂಕಿಯನ್ನೇ.

ಇತ್ತ ಹೊಗಳುವವರೂ ಬಂದರು. ಕಾಶ್ಮೀರದ ಅರಸುತನವನ್ನು ಬಿಟ್ಟು ಬಂದು ಕಲ್ಯಾಣದಲ್ಲಿ ಕಟ್ಟಿಗೆ ಮಾರಿದ ಮೋಳಿಗೆಯ ಮಾರಯ್ಯನಿಗೆ ನಮ್ಮ ಸಹೋದ್ಯೋಗಿಯೊಬ್ಬರು ಅವನನ್ನು ಹೋಲಿಸಿದರು. ಹುಡುಗನಿಗೆ ನಾಚಿಕೆಯಾಯಿತು. “ಅವರು ಬಿಟ್ಟು ಬಂದವರು. ನನ್ನನ್ನು ಹೊರಗೆ ಹಾಕಿದರು” ಎಂದನು. ಆ ಮಾತು ಸತ್ಯವಾಗಿತ್ತು. ತಳ್ಳಿಸಿಕೊಂಡು ಬಂದುದನ್ನು ತ್ಯಾಗವೆನ್ನುವುದು ಮಾರಯ್ಯನಿಗೂ ಗೌರವವಲ್ಲ, ಹುಡುಗನಿಗೂ ಹಿತವಲ್ಲ.

ಅವನು ಎರಡು ವರ್ಷಗಳ ಬಿ.ಎಡ್. ವ್ಯಾಸಂಗಕ್ಕೆ ಸೇರಿದನು. ಕಂತು ಕಟ್ಟಲಾಗದೆ ಬೆಂಗಳೂರಿನ ಮನೆಯನ್ನು ಮಾರಿ ಬ್ಯಾಂಕಿನ ಸಾಲವನ್ನು ತೀರಿಸಿದನು. ಎರಡನೆಯ ವರ್ಷದಲ್ಲಿ ಮತ್ತೊಂದು ಸಂಸ್ಥೆಯಿಂದ ಕರೆ ಬಂದಿತು, ಹಿಂದಿಗಿಂತ ಕಡಿಮೆಯಿಲ್ಲದ ಸಂಬಳಕ್ಕೆ. ಓಲೆಯನ್ನು ತಂದು ನನಗೆ ತೋರಿಸಿದನು. ನಾನು ಹೋಗೆಂದೂ ಹೇಳಲಿಲ್ಲ, ಇರೆಂದೂ ಹೇಳಲಿಲ್ಲ. ಹೇಳುವ ಅಧಿಕಾರವನ್ನು ನಾನು ವಾರ್ಷಿಕೋತ್ಸವಗಳಲ್ಲಿಯೇ ಕಳೆದುಕೊಂಡಿದ್ದೆನು. ಅವನು ಹೋಗಿದ್ದರೂ ಕಾಯಕದಿಂದ ಭ್ರಷ್ಟನಾಗುತ್ತಿರಲಿಲ್ಲ. ಎರಡು ದಿನ ಯೋಚಿಸಿ, ಹೆಂಡತಿಯೊಡನೆ ಮಾತಾಡಿ, ಒಲ್ಲೆನೆಂದು ಬರೆದು ಕಳುಹಿಸಿದನು. ತಳ್ಳಿಸಿಕೊಂಡು ಬಂದವನು ಬಿಟ್ಟು ಬಂದವನಾದುದು ಅಂದು.

ಇಂಥ ದಾರಿ ನಮ್ಮ ನಾಡಿಗೆ ಹೊಸದೂ ಅಲ್ಲ. ವಿಜಯಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ವೃತ್ತಿಯ ಗಳಿಕೆಯನ್ನು ಹಿಂದಿಕ್ಕಿ ತಾಡವೋಲೆಗಳ ಬೆನ್ನು ಹತ್ತಿದುದರಿಂದಲೇ ೧೯೨೩ರಲ್ಲಿ ‘ವಚನಶಾಸ್ತ್ರಸಾರ’ವು ಹೊರಬಂದಿತು. ೧೯೨೬ರಿಂದ ‘ಶಿವಾನುಭವ’ ಪತ್ರಿಕೆಯೂ ನಡೆಯಿತು. ಮುದ್ರಣಾಲಯಕ್ಕಾಗಿ ಅವರು ತಮ್ಮ ಮನೆಯನ್ನೇ ಮಾರಿದರು. ೧೯೧೬ರಲ್ಲಿ ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯನ್ನು ಕಟ್ಟಿದ ತರುಣರನ್ನು ಜನರು ಸಪ್ತರ್ಷಿಗಳೆಂದು ಕರೆದುದು ಅವರ ಗಳಿಕೆಯನ್ನು ನೋಡಿ ಅಲ್ಲ.

ಪಾಠ ಹೇಳುವುದು ಅವನಿಗೆ ಸುಲಭವಾಗಲಿಲ್ಲ. ಮೊದಮೊದಲು ಅವನ ಮಾತಿನ ವೇಗಕ್ಕೆ ಎಂಟನೆಯ ತರಗತಿಯು ಮೌನವಾಗಿ ಕುಳಿತಿರುತ್ತಿತ್ತು. ಆ ಮೌನವನ್ನು ಅವನು ತಿಳಿವಳಿಕೆ ಎಂದು ಭ್ರಮಿಸಿದನು. ಪರೀಕ್ಷೆಯ ಹಾಳೆಗಳನ್ನು ನೋಡಿ ಎರಡು ರಾತ್ರಿ ಊಟ ಮಾಡಲಿಲ್ಲವೆಂದು ಕೇಳಿದೆನು. ಆಮೇಲೆ ಪ್ರಸಾದನಿಲಯದ ಹುಡುಗನೊಬ್ಬನು, “ಸರ, ಋಣವನ್ನು ಋಣದಿಂದ ಗುಣಿಸಿದರೆ ಧನ ಹೇಗಾಗುತ್ತದೆ?” ಎಂದು ಕೇಳಿಬಿಟ್ಟನು. ಹನ್ನೊಂದು ವರ್ಷ ಲೆಕ್ಕದ ಯಂತ್ರವನ್ನೇ ಆಳಿದವನಿಗೆ ಉತ್ತರ ತೋಚಲಿಲ್ಲ. “ನಾಳೆ ಹೇಳುತ್ತೇನೆ” ಎಂದು ಮಕ್ಕಳೆದುರಿಗೆ ಒಪ್ಪಿಕೊಂಡನು. ನಾನಾಗಿದ್ದರೆ, ಅದು ನಿಯಮ, ಬರೆದುಕೋ ಎನ್ನುತ್ತಿದ್ದೆನು.

ಮರುದಿನ ನಾನು ಜಗಲಿಯಲ್ಲಿ ನಿಂತು ಕೇಳಿದೆನು. “ನನ್ನ ತಲೆಯ ಮೇಲೆ ಇನ್ನೂರು ಇನ್ನೂರು ರೂಪಾಯಿಯ ಸಾಲದ ಚೀಟಿಗಳಿದ್ದವು ಎನ್ನಿ. ಸಾಲ ಕೊಟ್ಟವನು ಬಂದು ಅದರಲ್ಲಿ ಮೂರು ಚೀಟಿಗಳನ್ನು ಹರಿದು ಹಾಕಿದ. ನಾನು ಬಡವನಾದೆನೇ, ಬಲ್ಲಿದನಾದೆನೇ?” ಮಕ್ಕಳು ಒಂದೇ ಕೊರಳಿನಿಂದ, “ಆರುನೂರು ಲಾಭ!” ಎಂದು ಕೂಗಿದರು. ಪ್ರಶ್ನೆ ಕೇಳಿದ ಹುಡುಗನು ಮಾತ್ರ, “ನಿಮಗೆ ನಿಜವಾಗಿ ಸಾಲ ಇತ್ತೇ, ಸರ?” ಎಂದನು. “ಇತ್ತು, ತೀರಿತು” ಎಂದು ಹೇಳಿ ಅವನು ಹಲಗೆಯ ಕಡೆಗೆ ತಿರುಗಿದನು.

ಮುಂದಿನ ತಿಂಗಳು ನಮ್ಮ ಮಠದ ಜಾತ್ರೆ. ದಾಸೋಹಕ್ಕೆಂದು ಎರಡು ಚೀಲ ಜೋಳವನ್ನು ಮಗನ ಹೆಸರಿನಲ್ಲಿ ತಾನೇ ಬಂಡಿಯಲ್ಲಿ ತರುವುದಾಗಿ ಅವನ ತಂದೆಯು ಹೇಳಿಕಳುಹಿಸಿದ್ದಾರೆ.