ವಾಟ್ನಿಯ ಮರುದಿನ

ಹೋದ ವಾರ ಮರೋಳದಲ್ಲಿ ಪರಿಚಯದವರೊಬ್ಬರ ಮನೆಯ ವಾಟ್ನಿಗೆ, ಅಂದರೆ ಆಸ್ತಿ ಪಾಲು ಮಾಡುವುದಕ್ಕೆ, ಹೋಗಿದ್ದೆ. ಅಣ್ಣ ತಮ್ಮ ಇಬ್ಬರೇ. ಎರಿ ಹೊಲಕ್ಕೆ ಬದು ಎಲ್ಲಿ ಹಾಕಬೇಕೆಂಬುದು ಚಹಾ ಆರುವಷ್ಟರಲ್ಲಿ ತೀರ್ಮಾನವಾಯಿತು. ತಡವಾದದ್ದು ಆಮೇಲೆ. ಬಾವಿ ಒಂದೇ; ನೀರಿನ ಪಾಳಿ ಮೊದಲು ಯಾರದು? ಬದುವಿನ ಮೇಲಿನ ಬೇವಿನ ಗಿಡ ಯಾರಿಗೆ? ಅವ್ವ ಯಾರ ಕಡೆ? ತಾಯಿ ಬಾಗಿಲ ಹಿಂದೆ ನಿಂತಿದ್ದರು. ಗಿಡದ ಮಾತು, ಅವರ ಮಾತು ಒಂದೇ ಉಸಿರಿನಲ್ಲಿ ಬಂದುಹೋದವು.

ದೇಶಗಳ ವಾಟ್ನಿ ಇಷ್ಟು ಸುಲಭದ್ದಲ್ಲ, ರಕ್ತ ಕೇಳುತ್ತದೆ. ನಮ್ಮದೇ ಬಾಗಲಕೋಟೆ ಜಿಲ್ಲೆಯ ಹಲಗಲಿಯ ಬೇಡರು 1857ರಲ್ಲಿ ಬ್ರಿಟಿಷರಿಗೆ ಹತಾರ ಒಪ್ಪಿಸಲು ಒಲ್ಲೆವೆಂದರು. ಊರಿಗೆ ಬೆಂಕಿ ಬಿತ್ತು, 19 ಜನ ಗಲ್ಲಿಗೇರಿದರು. ಆದರೂ ಬೇರೆಯಾದ ಮೇಲಿನ ಕೆಲಸ ಬೇರೆಯೇ ಇದೆ. ಅಮೆರಿಕದ 13 ವಸಾಹತುಗಳು 1776ರಲ್ಲೇ ಇಂಗ್ಲೆಂಡಿನ ದೊರೆಯನ್ನು ಬಿಟ್ಟವು. ಒಂದೇ ಸೂರಿನಡಿ ಬಾಳುವ ಸಂವಿಧಾನ ಬರೆದದ್ದು 1787ರಲ್ಲಿ. ಆ ಕಾಗದದಲ್ಲಿ ಗುಲಾಮರಿಗೆ ಬಿಡುಗಡೆ ಬರೆಯಲಿಲ್ಲ. ಹೆಂಗಸರ ಮತದ ಹಕ್ಕು ಆ ದೇಶದ ಸಂವಿಧಾನಕ್ಕೆ ಸೇರಿದ್ದು 1920ರಲ್ಲಿ.

ನಮ್ಮವರು ಅದನ್ನೆಲ್ಲ ಕಣ್ತೆರೆದು ನೋಡಿದರು. ಮಂಗಳೂರಿನಲ್ಲಿ ಹುಟ್ಟಿದ ಬೆನಗಲ್ ನರಸಿಂಗರಾಯರು ಸಂವಿಧಾನ ಸಭೆಯ ಸಲಹೆಗಾರರಾಗಿ 1947ರಲ್ಲಿ ಅಮೆರಿಕ, ಐರ್ಲೆಂಡುಗಳಿಗೆ ಹೋಗಿ ಅಲ್ಲಿನ ತಿಳಿದವರನ್ನು ಕಂಡು ಬಂದರು. ಮೊದಲೇ ಬೇರೆಯಾದ ಮನೆಯವರ ಅನುಭವ ಕೇಳಲು ಹೋದಂತೆ. ಇತ್ತ 1948ರಲ್ಲಿ ನಮ್ಮ ಮುಧೋಳ, ಜಮಖಂಡಿ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ಕೂಡಿದವು. ಸಂವಿಧಾನ ಸಭೆ 2 ವರ್ಷ 11 ತಿಂಗಳು 18 ದಿನ ಕೂತು ಬರೆದ ಕಾಗದ 1950ರ ಜನವರಿ 26ರಂದು ಜಾರಿಗೆ ಬಂತು. ಆಗ 21 ತುಂಬಿದ ಪ್ರತಿಯೊಬ್ಬರಿಗೂ ಅದರಲ್ಲಿ ಒಂದು ಮತ. ರಾಜನ ಮಗನಿಗೆ ಎಷ್ಟೋ, ಹಲಗಲಿಯ ಬೇಡರ ಮೊಮ್ಮಗಳಿಗೂ ಅಷ್ಟೇ. ಅಕ್ಷರ ಬಾರದವರನ್ನು, ಹೊಲವಿಲ್ಲದವರನ್ನು ಹೊರಗಿಡಲಿಲ್ಲ. ಬಾಗಿಲ ಹಿಂದೆ ನಿಂತವರನ್ನು ಹೆಸರು ಹಿಡಿದು ಒಳಗೆ ಕರೆದ ಈ ಸಾಲನ್ನೇ ನಾನು ಆ ಕಾಗದದ ಜೀವಾಳವೆಂದು ತಿಳಿದಿದ್ದೇನೆ.

ಮರೋಳದ ಪಡಸಾಲೆಯಲ್ಲಿ ಮಾತು ಬೆಳೆಯುತ್ತಲೇ ಇತ್ತು. ಮೂಲೆಯಲ್ಲಿದ್ದ ಹಿರಿಯರೊಬ್ಬರು ತಟ್ಟನೆ ಒಳಬಾಗಿಲ ಕಡೆ ತಿರುಗಿ, “ಯಕ್ಕಾ, ನೀ ಏನಂತಿ?” ಅಂದರು. ಎಲ್ಲರೂ ಸುಮ್ಮನಾದರು. ಆ ತಾಯಿ ಸೆರಗು ಸರಿಮಾಡಿಕೊಂಡು ಹೊರಗೆ ಬಂದು ಕೂತರು. “ನಾ ಈ ಪಡಸಾಲ್ಯಾಗ ಇರ್ತೀನಪಾ. ಇಲ್ಲಿಂದ ಎರಡೂ ಬಾಗಲಾ ಕಾಣ್ತಾವ.”