ಕೆರೆಯ ಹೂಳು ಯಾರು ಎತ್ತಬೇಕು?

2022ರ ಅಕ್ಟೋಬರ್ ಕೊನೆಯಲ್ಲಿ ಎಲಾನ್ ಮಸ್ಕ್ ಟ್ವಿಟರನ್ನು ಕೊಂಡಾಗ ಬೇಸತ್ತು ಹೊರನಡೆದವರಲ್ಲಿ ನಾನೂ ಒಬ್ಬ. ಹೋದದ್ದು ಮಾಸ್ಟೊಡಾನ್‌ಗೆ. ಒಂದು ವರ್ಷವೂ ಕಳೆಯಲಿಲ್ಲ, ಸದ್ದಿಲ್ಲದೆ ಹಳೆಯ ಜಾಗಕ್ಕೇ ಮರಳಿದೆ. ಯಾಕೆ ಬಂದೆ ಎಂದು ಯಾರೂ ಕೇಳಲಿಲ್ಲ. ನಾನೇ ಕೇಳಿಕೊಳ್ಳುತ್ತಿದ್ದೇನೆ: ಇದೇ ಸರಿಯಾದ ಜಾಗ ಎಂದು ಒಪ್ಪಿದ ಮೇಲೂ ಅಲ್ಲಿ ನನಗೇಕೆ ನಿಲ್ಲಲಾಗಲಿಲ್ಲ?

2016ರಲ್ಲಿ ಜರ್ಮನಿಯಲ್ಲಿ ಶುರುವಾದ ಮಾಸ್ಟೊಡಾನ್‌ಗೆ ಒಬ್ಬ ಒಡೆಯನಿಲ್ಲ. ಅದು ಸಾವಿರಾರು ಸರ್ವರ್‌ಗಳ ಒಕ್ಕೂಟ. ಪ್ರತಿಯೊಂದಕ್ಕೂ ಅದರದೇ ನಿಯಮ, ಅದರದೇ ಮೇಲ್ವಿಚಾರಕರು. ಆದರೂ ಒಂದರಲ್ಲಿರುವವರು ಇನ್ನೊಂದರಲ್ಲಿರುವವರ ಜೊತೆ ಮಾತಾಡಬಹುದು, ಬೇರೆ ಬೇರೆ ಕಂಪನಿಗಳ ಇಮೇಲ್ ಇರುವವರು ಪರಸ್ಪರ ಬರೆದುಕೊಳ್ಳುವ ಹಾಗೆ. ಒಡೆಯನೇ ಇಲ್ಲದ ಮೇಲೆ ಕೊಳ್ಳುವುದಾದರೂ ಯಾರಿಂದ?

ಇಷ್ಟು ಒಳ್ಳೆಯದಾಗಿದ್ದರೆ ಜನ ಯಾಕೆ ಬರುವುದಿಲ್ಲ? ಮೊದಲ ತೊಡಕು ಬಾಗಿಲಲ್ಲೇ ಇದೆ: ಯಾವ ಸರ್ವರ್ ಸೇರುತ್ತೀರಿ? ಗೆಳೆಯರ ಜೊತೆ ನಾಲ್ಕು ಮಾತಾಡಲು ಬಂದವರಿಗೆ ಇದು ಅರ್ಥವಾಗದ ಪರೀಕ್ಷೆ. ಒಳಗೆ ಹೋದರೆ ಮನೆ ಖಾಲಿ. ನಾವು ಯಾರನ್ನು ಹಿಂಬಾಲಿಸುತ್ತೇವೋ ಅವರ ಬರಹ ಮಾತ್ರ, ಬರೆದ ಕ್ರಮದಲ್ಲಿ ಕಾಣುತ್ತದೆ. ನಮ್ಮ ಚಪಲವನ್ನು ಲೆಕ್ಕಹಾಕಿ ರುಚಿರುಚಿಯಾದದ್ದನ್ನು ಬಡಿಸುವವರು ಯಾರೂ ಇಲ್ಲ. ನನ್ನ ಕನ್ನಡದ ಗೆಳೆಯರನ್ನು ಹುಡುಕಿದೆ. ಬೆರಳೆಣಿಕೆಯಷ್ಟು ಮಂದಿ ಸಿಕ್ಕರು. ಅವರೂ ನನ್ನಂತೆಯೇ ಉಳಿದವರಿಗಾಗಿ ಕಾಯುತ್ತಿದ್ದರು. ಎಲ್ಲರೂ ಬಂದರೆ ನಾನೂ ಬರುತ್ತೇನೆ ಎಂದು ಎಲ್ಲರೂ ಅಂದುಕೊಂಡರೆ ಯಾರೂ ಬರುವುದಿಲ್ಲ. 2019ರಲ್ಲೂ ಭಾರತದ ಹಲವರು ಟ್ವಿಟರಿನ ಮೇಲೆ ಮುನಿದು ಇಲ್ಲಿಗೆ ಬಂದಿದ್ದರು. ಆ ಉತ್ಸಾಹ ಬಹುಕಾಲ ನಿಲ್ಲಲಿಲ್ಲ.

ಇವೆಲ್ಲ ನಿಜವಾದ ಕಾರಣಗಳೇ. ಆದರೆ ನನ್ನನ್ನು ಕಾಡುವುದು ಬೇರೆ.

ನಾನಿದ್ದ ಸಣ್ಣ ಸರ್ವರನ್ನು ನಡೆಸುತ್ತಿದ್ದುದು ಒಬ್ಬರೇ ಮನುಷ್ಯ. ಒಂದು ದಿನ ಅವರ ಪ್ರಕಟಣೆ ಬಂತು: ಖರ್ಚು ಹೆಚ್ಚಾಗಿದೆ, ದೂರುಗಳನ್ನು ನೋಡುತ್ತಾ ರಾತ್ರಿ ನಿದ್ದೆ ಇಲ್ಲ, ಮುಂದಿನ ತಿಂಗಳು ಮುಚ್ಚುತ್ತೇನೆ. ಹಿಂಬಾಲಕರನ್ನು ಬೇರೆ ಸರ್ವರಿಗೆ ಒಯ್ಯಬಹುದು. ಹಳೆಯ ಬರಹಗಳು ಜೊತೆಗೆ ಬರುವುದಿಲ್ಲ. ಓದಿದ ಪುಸ್ತಕಗಳ ಬಗ್ಗೆ ನಾನು ಬರೆದ ಟಿಪ್ಪಣಿಗಳು ಹೋದವಲ್ಲ ಎಂದು ಸಿಟ್ಟು ಬಂತು. ಸಿಟ್ಟು ಇಳಿದ ಮೇಲೆ ನೆನಪಾಯಿತು, ಅವರಿಗೆ ನಾನು ಒಂದು ರೂಪಾಯಿಯನ್ನೂ ಕೊಟ್ಟಿರಲಿಲ್ಲ. ಒಂದು ಥ್ಯಾಂಕ್ಸ್ ಕೂಡ ಹೇಳಿರಲಿಲ್ಲ.

ನಮ್ಮ ಹಳ್ಳಿಗಳಲ್ಲಿ ಕೆರೆಯ ಹೂಳನ್ನು ಊರವರೇ ಎತ್ತುತ್ತಿದ್ದರು. ಮನೆಮನೆಗೆ ನಲ್ಲಿ ಬಂದ ಮೇಲೆ ಎಷ್ಟೋ ಕೆರೆಗಳ ಕಡೆ ಯಾರೂ ತಿರುಗಿ ನೋಡಲಿಲ್ಲ. ನಲ್ಲಿಯ ನೀರು ನಿಂತ ದಿನವಷ್ಟೇ ಕೆರೆಯ ನೆನಪು. ನಾನು ಕೆರೆಗೆ ಹೋಗಿದ್ದೆ, ನಲ್ಲಿಯ ಅಭ್ಯಾಸವನ್ನು ಜೊತೆಗೆ ತೆಗೆದುಕೊಂಡು. ಒಡೆಯ ಬೇಡ ಎಂದವನಿಗೆ ಒಡೆಯ ಮಾಡುತ್ತಿದ್ದ ಕೆಲಸವೂ ಬೇಡವಾಗಿತ್ತು.

ಹಾಗೆಂದು ಎಲ್ಲ ತಪ್ಪನ್ನೂ ಬಳಕೆದಾರರ ತಲೆಗೆ ಕಟ್ಟುವುದೂ ಅನ್ಯಾಯ. ದಿನವಿಡೀ ದುಡಿದು ಬಂದು ಹತ್ತು ನಿಮಿಷ ಫೋನ್ ನೋಡುವವರಿಗೆ ಸರ್ವರಿನ ನೀತಿಶಾಸ್ತ್ರ ಬೋಧಿಸುವುದು ಬಿಡುವಿದ್ದವರ ಅಹಂಕಾರ. ಹೂಳೆತ್ತಲು ಆಗದವರಿಗೂ ಕೆರೆಯ ನೀರಿನಲ್ಲಿ ಪಾಲಿತ್ತು. ಪ್ರಶ್ನೆ ಇರುವುದು ನನ್ನಂಥವರಿಗೆ: ಬಿಡುವೂ ಇದೆ, ತಿಳಿವಳಿಕೆಯೂ ಇದೆ, ದೂರುವ ಚಟವೂ ಇದೆ. ಬೆಂಗಳೂರಿನಲ್ಲಿ ಹುಟ್ಟಿ ಕನ್ನಡದಿಂದಲೇ ಶುರುವಾದ ಕೂ 2024ರಲ್ಲಿ ಮುಚ್ಚಿತು. ಒಡೆಯ ಒಬ್ಬನೇ ಆದರೆ ಅವನ ಬಾಗಿಲಿನ ಜೊತೆ ಎಲ್ಲರ ಬಾಗಿಲೂ ಮುಚ್ಚುತ್ತದೆ ಎಂದು ಅಂದು ಗೆಳೆಯರಿಗೆಲ್ಲ ಉಪದೇಶ ಮಾಡಿದ್ದೆ. ಮಾಡಿದ್ದು ವಾಟ್ಸಾಪಿನಲ್ಲಿ.

ಈಗ ಇನ್ನೊಂದು ಸರ್ವರಿನಲ್ಲಿ ಖಾತೆ ತೆರೆದಿದ್ದೇನೆ. ತಿಂಗಳಿಗೆ ನೂರು ರೂಪಾಯಿ ಕಳಿಸುತ್ತೇನೆ, ಹೊಸದಾಗಿ ಬಂದವರು ಕೇಳಿದರೆ ದಾರಿ ಹೇಳುತ್ತೇನೆ. ಇದರಿಂದ ದೊಡ್ಡ ಬದಲಾವಣೆ ಆದೀತೆಂಬ ಭ್ರಮೆ ಇಲ್ಲ. ಒಳ್ಳೆಯ ಕವಿತೆ ಓದಿದಾಗ ಬೆರಳು ಇನ್ನೂ ಹಳೆಯ ಜಾಗಕ್ಕೇ ಹೋಗುತ್ತದೆ. ಓದುವವರು ಇರುವುದು ಅಲ್ಲಿ. ನಾಚಿಕೆಯಾಗುತ್ತದೆ. ಆದರೂ ಅದೇ ಕವಿತೆಯ ಬಗ್ಗೆ ಇಲ್ಲೂ ನಾಲ್ಕು ಸಾಲು ಬರೆದಿಡುತ್ತೇನೆ, ಮುಂದೆ ಬರುವವರಿಗೆ ಮನೆ ಪೂರ್ತಿ ಖಾಲಿ ಕಾಣದಿರಲಿ ಎಂದು.