ತುಕ್ಕಿನ ಲೆಕ್ಕ

ಹೊಸ ವಸ್ತುವನ್ನು ಹಳೆಯದಾಗಿ ಕಾಣುವಂತೆ ಮಾಡುವುದು ಸುಳ್ಳು ಹೇಳಿದಂತೆಯೇ? ಧರ್ಮಸೂಕ್ಷ್ಮ ಬಲ್ಲವರನ್ನು ಕೇಳಿದರೆ ನಕ್ಕು ಕಳಿಸಿಯಾರು. ಆದರೆ ಭಾನುವಾರ ಮಧ್ಯಾಹ್ನ ಊಟ ಮುಗಿಸಿ, ಕಿಟಕಿಯ ಬಳಿ ಹಳೇ ಪೇಪರು ಹಾಸಿ, 16 ಸೆಂಟಿಮೀಟರ್ ಉದ್ದದ ಕಾರೊಂದಕ್ಕೆ ತುಕ್ಕು ಹಿಡಿಸಲು ಕೂರುವ ನನ್ನಂಥವನಿಗೆ ಇದು ತಪ್ಪಿಸಿಕೊಳ್ಳಲಾಗದ ಪ್ರಶ್ನೆ.

ನಾನಿರುವುದು ಶಹಾಡ್‌ನಲ್ಲಿ. ಊರಿನವರಿಗೆ ‘ಮುಂಬೈ’ ಎಂದು ಹೇಳಿ ಮುಗಿಸುತ್ತೇನೆ, ಮುಂಬೈಯವರಿಗೆ ‘ಕಲ್ಯಾಣದ ಹತ್ತಿರ’ ಎನ್ನುತ್ತೇನೆ. ಕಲ್ಯಾಣ ಬಿಟ್ಟು ಕಸಾರಾ ಕಡೆ ಹೊರಟ ಲೋಕಲ್‌ಗೆ ಸಿಗುವ ಮೊದಲ ಸ್ಟೇಷನ್ ಇದು. ಸೆಂಚುರಿ ರೇಯಾನ್ ಕಾರ್ಖಾನೆ, ಬಿರ್ಲಾದವರ ವಿಠ್ಠಲ ಮಂದಿರ, ಹತ್ತಿರದಲ್ಲೇ ಉಲ್ಲಾಸ ನದಿ, ಮಗ್ಗುಲಲ್ಲೇ ಉಲ್ಲಾಸನಗರ. ಇಲ್ಲಿನ ಗಾಳಿ, ಮಳೆ ಎರಡೂ ಕಬ್ಬಿಣದ ಶತ್ರುಗಳು. ಕಿಟಕಿಯ ಸರಳಿಗೆ ಎಷ್ಟು ಬಣ್ಣ ಬಳಿದರೂ ಎರಡನೆಯ ಮಳೆಗಾಲಕ್ಕೆ ಕೆಂಪಗಿನ ಗೆರೆ ಇಳಿಯುತ್ತದೆ. 2005ರ ಜುಲೈ 26ರ ಮಹಾಮಳೆಗೆ ಉಲ್ಲಾಸ ನದಿ ಉಕ್ಕಿ ಈ ಭಾಗವೆಲ್ಲ ಮುಳುಗಿತ್ತಲ್ಲ, ಆಮೇಲೆ ಹಲವು ತಿಂಗಳು ರಸ್ತೆ ಬದಿಯಲ್ಲಿ ನಿಂತಿದ್ದ ವಾಹನಗಳೇ ನನಗೆ ತುಕ್ಕಿನ ಪಾಠಶಾಲೆ.

ನಾನು ಮಾಡುತ್ತಿರುವ ಕಾರು ಪ್ರೀಮಿಯರ್ ಪದ್ಮಿನಿ, ಮುಂಬೈಯ ಕಪ್ಪು-ಹಳದಿ ಟ್ಯಾಕ್ಸಿ. ನಮ್ಮ ಕುರ್ಲಾದಲ್ಲೇ ತಯಾರಾಗುತ್ತಿದ್ದ ಗಾಡಿ ಅದು. 1964ರಲ್ಲಿ ಫಿಯೆಟ್ 1100 ಡಿಲೈಟ್ ಎಂದು ಶುರುವಾಗಿ, 1974ರಲ್ಲಿ ಚಿತ್ತೂರಿನ ರಾಣಿಯ ಹೆಸರು ಪಡೆಯಿತು. ಈ ಶತಮಾನ ಕಣ್ಣು ಬಿಡುವ ಹೊತ್ತಿಗೆ ಉತ್ಪಾದನೆ ನಿಂತಿತು. ಮುಂಬೈಯಲ್ಲಿ ಟ್ಯಾಕ್ಸಿಗೆ 20 ವರ್ಷದ ಆಯುಷ್ಯ. ಕೊನೆಯ ಪದ್ಮಿನಿ ಟ್ಯಾಕ್ಸಿ ತಾರದೇವ್ ಆರ್‌ಟಿಓದಲ್ಲಿ ನೋಂದಣಿಯಾದದ್ದು 2003ರ ಅಕ್ಟೋಬರ್ 29ರಂದು. ಹಾಗಾಗಿ 2023ರ ಅಕ್ಟೋಬರ್ 30ರಿಂದ ಆ ಟ್ಯಾಕ್ಸಿ ರಸ್ತೆಯಲ್ಲಿಲ್ಲ. ಊರಿನಿಂದ ಬಂದ ಹೊಸತರಲ್ಲಿ ಟ್ರಂಕು, ಹಾಸಿಗೆ ಸುರುಳಿಯ ಜೊತೆ ನಮ್ಮನ್ನೂ ತುಂಬಿಕೊಂಡ ಗಾಡಿ ಅದು. ಮಾದರಿ ಮಾಡುವುದಾದರೆ ಅದನ್ನೇ ಎಂದುಕೊಂಡೆ. ನಿಜದ ಕಾರಿನ 24ನೇ ಒಂದು ಭಾಗ. ಸಪಾಟು ಭಾಗಗಳಿಗೆ ತೆಳು ಪ್ಲಾಸ್ಟಿಕ್ ಹಾಳೆ, ಉಬ್ಬು ತಗ್ಗುಗಳಿಗೆ ಪುಟ್ಟಿ.

ಕಟ್ಟುವುದಕ್ಕಿಂತ ಹಳತು ಮಾಡುವುದೇ ಕಷ್ಟ. ವಿಧಾನ ಮಾತ್ರ ಅಡುಗೆಮನೆಯದು. ಮೊದಲು ಇಡೀ ಗಾಡಿಗೆ ತುಕ್ಕಿನ ಬಣ್ಣ ಬಳಿಯಬೇಕು. ಅದು ಒಣಗಿದ ಮೇಲೆ ತುಕ್ಕು ಕಾಣಬೇಕಾದ ಕಡೆ ಮಾತ್ರ ನೀರು ಸವರಿ ಉಪ್ಪಿನ ಹರಳು ಉದುರಿಸಬೇಕು. ಉಪ್ಪು ಅಂಟಿ ಒಣಗಿದ ಮೇಲೆ ಅದರ ಮೇಲೆಯೇ ಕಪ್ಪು ಬಣ್ಣ ಸಿಂಪಡಿಸಿ, ಆರಲು ಬಿಟ್ಟು, ಕೊನೆಗೆ ಹಳೇ ಟೂತ್‌ಬ್ರಶ್ಶಿನಲ್ಲಿ ಉಪ್ಪನ್ನು ಉಜ್ಜಿ ತೆಗೆದರೆ, ಅದು ಕೂತ ಜಾಗದಲ್ಲಿ ಕಪ್ಪು ಕಿತ್ತುಬಂದು ಒಳಗಿನ ಕೆಂಪು ಇಣುಕುತ್ತದೆ. ನಿಜದ ಗಾಡಿಯನ್ನು ತಿಂದದ್ದೂ ಕಡಲ ಗಾಳಿಯ ಉಪ್ಪೇ, ನನ್ನ ಗಾಡಿಗೆ ವಯಸ್ಸು ಕೊಡುವುದೂ ಉಪ್ಪೇ.

ಕಂಡಕಂಡಲ್ಲಿ ಉಪ್ಪು ಹಾಕುವ ಹಾಗಿಲ್ಲ. ನೀರು ಎಲ್ಲಿ ನಿಲ್ಲುತ್ತದೋ ಅಲ್ಲಿ ತುಕ್ಕು. ಬಾಗಿಲಿನ ಕೆಳತುದಿ ಮೊದಲು ಹೋಗುತ್ತದೆ, ಯಾಕೆಂದರೆ ಗಾಜಿನ ಸಂದಿಯಿಂದ ಇಳಿದ ಮಳೆನೀರು ಹೊರಹೋಗುವ ತೂತು ಧೂಳಿನಿಂದ ಕಟ್ಟಿಕೊಂಡಿರುತ್ತದೆ. ಚಕ್ರದ ಮೇಲಿನ ಕಮಾನಿನ ಒಳಗೆ ಕೆಸರು ಮೆತ್ತಿರುತ್ತದೆ. ರಬ್ಬರ್ ಮ್ಯಾಟಿನಡಿ ಪ್ರಯಾಣಿಕರ ಒದ್ದೆ ಕಾಲಿನ ನೀರು ಆರುವುದೇ ಇಲ್ಲ. ಸೂರಿನ ನಡುಮಧ್ಯೆ ಸುಮ್ಮನೆ ಒಂದು ತುಕ್ಕಿನ ಚುಕ್ಕೆ ಇಟ್ಟರೆ ಬಲ್ಲವರಿಗೆ ಅದು ಸುಳ್ಳೆಂದು ಗೊತ್ತಾಗುತ್ತದೆ.

ಕೊನೆಯ ಲೇಪಕ್ಕೆ ನಾನು ಬಳಸುವುದು ಊರಿನ ಮಣ್ಣು. ನಮ್ಮದು ಕಾರ್ಕಳದ ಕಡೆ, ಮುರಕಲ್ಲಿನ ಸೀಮೆ. 1800-01ರಲ್ಲಿ ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಇಟ್ಟಿಗೆಯಂತೆ ಕಡಿಯಬಹುದಾದ ಈ ಕಲ್ಲಿಗೆ ಲ್ಯಾಟಿನ್ನಿನ ‘ಇಟ್ಟಿಗೆ’ಯಿಂದ ‘ಲ್ಯಾಟರೈಟ್’ ಎಂದು ಹೆಸರಿಟ್ಟ. ಅದರ ಕೆಂಪು ಕಬ್ಬಿಣದ ಆಕ್ಸೈಡಿನದು, ಅಂದರೆ ತುಕ್ಕಿನದೇ ವಂಶ. ರಜೆಯಲ್ಲಿ ಹೋದಾಗ ಅಂಗಳದ ಮೂಲೆಯಿಂದ ಒಂದು ಡಬ್ಬಿ ತಂದು, ಪಂಚೆಯ ಬಟ್ಟೆಯಲ್ಲಿ ಎರಡು ಸಲ ಸೋಸಿಡುತ್ತೇನೆ. ಈ ಅಳತೆಯ ಕಾರಿನಲ್ಲಿ ಒಂದು ಮಿಲಿಮೀಟರಿನ ಮರಳು ಸುಮಾರು ಒಂದು ಅಂಗುಲದ ಕಲ್ಲಾಗಿ ಕಾಣುತ್ತದೆ. ಅದಕ್ಕೇ ಅಷ್ಟು ಸಾಣಿಸಬೇಕು.

ನಮ್ಮ ಬಿಲ್ಡಿಂಗಿನ ಕೆಳಮಹಡಿಯಲ್ಲಿ ಒಬ್ಬರು ಚಾಚಾ ಇದ್ದಾರೆ. ಜೌನ್‌ಪುರದ ಕಡೆಯವರು. ಮುಂಬೈಯಲ್ಲಿ ಪದ್ಮಿನಿ ಓಡಿಸಿಯೇ ಕೂದಲು ಬೆಳ್ಳಗಾಗಿಸಿಕೊಂಡವರು. ಅರ್ಧ ಬಣ್ಣವಾಗಿದ್ದ ಗಾಡಿಯನ್ನು ಅಂಗೈ ಮೇಲಿಟ್ಟುಕೊಂಡು ತುಂಬ ಹೊತ್ತು ನೋಡಿದರು. “ಜಂಗ್ ಲಗಾ ರಹೇ ಹೋ, ಬೇಟಾ? ಹಮ್ ತೋ ಜಿಂದಗೀ ಭರ್ ಛುಡಾತೇ ರಹೇ” ಎಂದರು. ನೀನು ತುಕ್ಕು ಹಚ್ಚುತ್ತಿದ್ದೀಯಾ, ನಾವು ಜೀವಮಾನವಿಡೀ ಅದನ್ನು ಕೆರೆದೆವು ಎಂದು. ಮಾತಿನಲ್ಲಿ ಸಿಟ್ಟಿರಲಿಲ್ಲ. ಆದರೆ ‘ಇದು ಸುಳ್ಳೇ?’ ಎಂಬ ನನ್ನ ಪ್ರಶ್ನೆ ಅಲ್ಲಿಗೆ ಪಕ್ಕಕ್ಕೆ ಸರಿದು, ‘ಈ ತುಕ್ಕಿನ ಖರ್ಚು ಕೊಟ್ಟವರು ಯಾರು?’ ಎಂಬ ಬೇರೆಯೇ ಪ್ರಶ್ನೆ ಎದ್ದು ನಿಂತಿತು.

ಎರಡೂ ಪ್ರಶ್ನೆಗಳಿಗೆ ನೆರೆಯ ಉಲ್ಲಾಸನಗರದಲ್ಲೇ ಉದಾಹರಣೆ ಸಿಗುತ್ತದೆ. ದೇಶ ವಿಭಜನೆಯಾದಾಗ ಎಲ್ಲ ಬಿಟ್ಟು ಬಂದ ಸಿಂಧಿಗಳು ಮಿಲಿಟರಿ ಬ್ಯಾರಕ್ಕುಗಳಲ್ಲಿ ಕಟ್ಟಿಕೊಂಡ ಊರದು. 1949ರಲ್ಲಿ ಅದಕ್ಕೆ ಹೆಸರು ಬಂತು. ಅಲ್ಲಿನ ಸರಕಿನ ಮೇಲಿನ ‘ಮೇಡ್ ಇನ್ ಯುಎಸ್‌ಎ’ ಎಂದರೆ ‘ಉಲ್ಲಾಸನಗರ ಸಿಂಧಿ ಅಸೋಸಿಯೇಶನ್’ ಎಂಬ ಹಳೇ ಜೋಕು ನೀವೂ ಕೇಳಿರಬಹುದು. ಕೊಳ್ಳುವವನಿಗೂ ಮಾರುವವನಿಗೂ ಗೊತ್ತಿದ್ದು ಇಬ್ಬರೂ ನಗುವಾಗ ಅದು ಎಷ್ಟು ಸುಳ್ಳು? ಮೋಸವೆನ್ನುವುದು ಒಬ್ಬನಿಗೆ ಗೊತ್ತಿಲ್ಲದಿದ್ದಾಗ ಮಾತ್ರ. ನನ್ನ ಕಾರನ್ನು ನೋಡಿ ನಿಜವಾದ ಟ್ಯಾಕ್ಸಿಯೆಂದು ಯಾರೂ ಕೈ ಅಡ್ಡ ಹಿಡಿಯುವುದಿಲ್ಲವಲ್ಲ.

ಅದೇ ಊರಿನ ಜೀನ್ಸ್ ಬಟ್ಟೆಯ ಕತೆ ಬೇರೆ. ಹೊಸ ಪ್ಯಾಂಟನ್ನು ತೊಳೆದು, ಉಜ್ಜಿ, ಮಂಡಿಯಲ್ಲಿ ಮಾಸಿದಂತೆ ಮಾಡುವ ಉದ್ಯೋಗ ಅಲ್ಲಿ ಬೆಳೆದು, ಅದರ ನೀರು ವಾಲಧುನಿ ನದಿಯ ಪಾಲಾಯಿತು. ಟರ್ಕಿಯಲ್ಲಿ ಜೀನ್ಸ್‌ಗೆ ಮರಳು ಹೊಡೆದು ಹಳತು ಮಾಡುತ್ತಿದ್ದ ಎಳೆ ಹುಡುಗರ ಶ್ವಾಸಕೋಶಕ್ಕೆ ಆ ಧೂಳು ಸೇರಿ ಸಿಲಿಕೋಸಿಸ್ ಬಂದು ಸತ್ತರು; 2009ರಲ್ಲಿ ಅಲ್ಲಿನ ಸರ್ಕಾರ ಆ ವಿಧಾನವನ್ನೇ ನಿಷೇಧಿಸಿತು. ಇಲ್ಲಿ ಸುಳ್ಳು ದೊಡ್ಡದಲ್ಲ, ಪ್ಯಾಂಟು ಹೊಸದೆಂದು ಎಲ್ಲರಿಗೂ ಗೊತ್ತು. ತೊಡುವವನ ಚಂದಕ್ಕೆ ಇನ್ನೊಬ್ಬ ಉಸಿರು ತೆತ್ತನಲ್ಲ, ಅನ್ಯಾಯ ಅಲ್ಲಿದೆ.

ಉಸಿರು ಎಂದಾಗ ರಸ್ಕಿನ್ ನೆನಪಾಗುತ್ತಾನೆ. ಗಾಂಧೀಜಿಗೆ ಸರ್ವೋದಯದ ದಾರಿ ತೋರಿಸಿದ ಪುಸ್ತಕ ಬರೆದಾತ. 1858ರಲ್ಲಿ ಅವನು ಕಬ್ಬಿಣದ ಬಗ್ಗೆಯೇ ಒಂದು ಉಪನ್ಯಾಸ ಕೊಟ್ಟಿದ್ದ. ತುಕ್ಕನ್ನು ದೋಷವೆಂದು ತಿಳಿಯಬೇಡಿ, ನಮ್ಮ ಹಾಗೆಯೇ ಕಬ್ಬಿಣವೂ ಗಾಳಿಯಿಂದ ಆಮ್ಲಜನಕ ಎಳೆದುಕೊಳ್ಳುತ್ತದೆ. ಮಣ್ಣಿಗೂ ಹಂಚಿಗೂ ಬೆಚ್ಚನೆಯ ಬಣ್ಣ ಬಂದದ್ದು ಅದರಿಂದಲೇ ಎಂಬುದು ಅವನ ಮಾತಿನ ಸಾರಾಂಶ. ಚಂದದ ಮಾತೇ. ಆದರೆ ಚಾಚಾಗೆ ಹೇಳಿ ನೋಡಿ. “ಉಸಿರಾಡಲಿ ಬಿಡಿ, ಪಾಸಿಂಗ್ ಮಾತ್ರ ಆಗುವುದಿಲ್ಲ” ಎಂದಾರು.

ಪಾಸಿಂಗ್ ಎಂದರೆ ಆರ್‌ಟಿಓ ತಪಾಸಣೆ. ಅದಕ್ಕೆ ಮುಂಚೆ ಗಾಡಿ ಪತ್ರಾ ಕೆಲಸದವನ ಬಳಿ ಹೋಗುತ್ತಿತ್ತು. ಕೊಳೆತ ತಗಡು ಕತ್ತರಿಸಿ ಬೇರೆ ತಗಡು ಬೆಸೆದು, ಪುಟ್ಟಿ ಮೆತ್ತಿ, ಬಣ್ಣ ಹೊಡೆಸಬೇಕು. ಎರಡು ದಿನದ ದುಡಿಮೆಯೂ ಹೋಗುತ್ತಿತ್ತು, ಕೈಯ ಹಣವೂ ಹೋಗುತ್ತಿತ್ತು. ಚಾಚಾ ನನ್ನ ಗಾಡಿಯ ಎಡಬಾಗಿಲ ಮೇಲೆ ಉಗುರಿನಿಂದ ಗೆರೆ ಎಳೆದು ತೋರಿಸಿದರು: ಇಲ್ಲಿ ತುಕ್ಕಲ್ಲ, ತೇಪೆ ಇರಬೇಕು. ತೇಪೆಯ ಕಪ್ಪೇ ಬೇರೆ, ಗಾಡಿಯ ಕಪ್ಪೇ ಬೇರೆ. ಬರೀ ತುಕ್ಕು ಹಿಡಿದದ್ದು ದಿಕ್ಕಿಲ್ಲದ ಗಾಡಿ. 20 ವರ್ಷ ಓಡಿದ ಗಾಡಿಯ ಮೈತುಂಬ ತೇಪೆ ಇರುತ್ತದೆ.

ಹಳತು ಎಂಬುದರ ಅರ್ಥ ನನಗೆ ತಿಳಿದಂತೆ ಇಷ್ಟೇ. ಹಾಗೇ ಬಿಟ್ಟದ್ದು ಹಾಳಾಗುತ್ತದೆ. ಯಾರೋ ವರ್ಷವರ್ಷ ಕೈ ಹಾಕಿ ಸರಿಮಾಡಿದ್ದು ಮಾತ್ರ ಹಳತಾಗುತ್ತದೆ.

ಊರು ಬಿಟ್ಟವರಿಗೆ ಈ ವ್ಯತ್ಯಾಸ ಕಾಣುವುದು ಕಷ್ಟ. ನಾವೆಲ್ಲರೂ ಮನಸ್ಸಿನ ಕಪಾಟಿನಲ್ಲಿ ಊರಿನದೊಂದು ಮಾದರಿ ಇಟ್ಟುಕೊಂಡಿದ್ದೇವೆ. ಪಾಚಿ ಹಿಡಿದ ಹಂಚು, ಸವೆದ ಹೊಸ್ತಿಲು, ಮುರಕಲ್ಲಿನ ಪಾಗಾರ. ಡೊಂಬಿವಲಿಯಲ್ಲೋ ಠಾಣೆಯಲ್ಲೋ ನಾಲ್ಕು ಮಂದಿ ಊರಿನವರು ಸೇರಿದರೆ “ಅಯ್ಯೋ, ಹಂಚು ತೆಗೆಸಿದರಂತೆ, ಎಲ್ಲ ಹಾಳಾಯಿತು” ಎಂಬ ಮಾತು ಬಂದೇ ಬರುತ್ತದೆ. ಸ್ವತಃ ಸ್ಲ್ಯಾಬಿನ ಕೆಳಗೆ ಮಲಗುವವರೇ ಹಾಗೆನ್ನುವುದು. ಚಾಚಾರ ಕತೆ ಇದಕ್ಕೆ ಉಲ್ಟಾ. ಟ್ಯಾಕ್ಸಿಯ ದುಡ್ಡಿನಲ್ಲಿ ಊರಲ್ಲಿ ಕಟ್ಟಿಸಿದ ಗುಲಾಬಿ ಬಣ್ಣದ ಸ್ಲ್ಯಾಬಿನ ಮನೆಯ ಫೋಟೋ ಅವರ ಮೊಬೈಲಿನಲ್ಲಿದೆ. ಹಳೇ ಮಣ್ಣಿನ ಮನೆ ಚಂದವಿತ್ತೆಂದು ಅವರು ಒಮ್ಮೆಯೂ ಹೇಳಿಲ್ಲ.

ಕಳೆದ ಬೇಸಿಗೆಯಲ್ಲಿ ತಮ್ಮ ಫೋನು ಮಾಡಿದ. “ಅಣ್ಣಾ, ಮಳೆಗೆ ಮುಂಚೆ ಮಾಡಿನ ಕೆಲಸ ಆಗಬೇಕು. ರೀಪು ಪೂರ್ತಿ ಒರಲೆ ತಿಂದಿದೆ. ಹಂಚು ಸರಿ ಮಾಡುವವರು ಈಗ ಸಿಗುವುದೇ ಇಲ್ಲ, ಸಿಕ್ಕಿದರೂ ಮೇಲೆ ಹತ್ತುವುದಿಲ್ಲ. ಹಂಚು ಇಳಿಸಿ ಶೀಟ್ ಹಾಕಿಸುವ ಅಂತ. ನೀನೇನು ಹೇಳ್ತಿ?”

ಆ ಮನೆಯ ಹಂಚಿಗೆ ನನಗಿಂತ ಹೆಚ್ಚು ವಯಸ್ಸು. ಅದು ಇಷ್ಟು ಕಾಲ ಬಾಳಿದ್ದು ಅಪ್ಪ ಪ್ರತಿ ಮೇ ತಿಂಗಳು ಏಣಿ ಹಾಕಿ ಹತ್ತಿ, ಒಡೆದ ಹಂಚು ಬದಲಿಸುತ್ತಿದ್ದರಿಂದ. ಅಪ್ಪನ ನಂತರ ಹತ್ತಿದವನು ತಮ್ಮ. ಮಳೆಗಾಲದ ರಾತ್ರಿ ಸೋರುವ ಕಡೆಗೆಲ್ಲ ಪಾತ್ರೆ ಇಟ್ಟದ್ದು ಅವನ ಹೆಂಡತಿ. ಆ ಮನೆಯ ಹಳತನವನ್ನು ದುಡಿದು ಗಳಿಸಿದವರು ಅವರು. ನನ್ನ ಪಾಲಿಗೆ ಬಂದದ್ದು ನೋಟ ಮಾತ್ರ. ನೋಟದ ಹಕ್ಕು ಇಟ್ಟುಕೊಂಡು ಸೋರುವ ಮಾಡನ್ನು ಕಾಪಾಡಿರೆಂದು ಇನ್ನೊಬ್ಬರಿಗೆ ಹೇಳುವುದು, ಜೀನ್ಸಿನ ಮಂಡಿ ಮಾಸಲಿ ಎಂದು ಬೇರೆಯವರನ್ನು ಮರಳಿನ ಧೂಳಲ್ಲಿ ನಿಲ್ಲಿಸಿದ ಹಾಗೆಯೇ. ಶೀಟ್ ಹಾಕಿಸುವುದೂ ಒಂದು ತೇಪೆ. ಮನೆ ಇನ್ನೂ ಯಾರದೋ ಕೈಯಲ್ಲಿದೆ ಎಂಬುದರ ಗುರುತು. ನೆನಪಿಗೆ ಹಂಚು ಬೇಕಿದ್ದರೆ ನಾನೇ ಸಣ್ಣದೊಂದು ಮಾಡಿಕೊಳ್ಳಬಹುದು, ನನ್ನದೇ ಭಾನುವಾರದಲ್ಲಿ, ನನ್ನದೇ ಖರ್ಚಿನಲ್ಲಿ. ಅದರಿಂದ ಯಾರ ಹಾಸಿಗೆಯೂ ಒದ್ದೆಯಾಗುವುದಿಲ್ಲ.

“ಹಾಕಿಸು. ನನ್ನ ಪಾಲಿನ ಹಣ ಈ ವಾರವೇ ಕಳಿಸ್ತೇನೆ” ಎಂದೆ.

ತಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, “ಕೆಂಪು ಶೀಟ್ ಬಂದಿದೆ ಅಣ್ಣಾ. ಹಂಚಿನ ಹಾಗೆಯೇ ಅಚ್ಚು ಹೊಡೆದಿದ್ದಾರೆ, ದೂರದಿಂದ ಗೊತ್ತೇ ಆಗುವುದಿಲ್ಲ. ಸ್ವಲ್ಪ ರೇಟು ಜಾಸ್ತಿ. ಅದನ್ನೇ ಹಾಕಿಸುವನಾ?” ಎಂದು ಕೇಳಿದ.

“ಅದರಡಿ ಮಲಗುವವರು ನೀವು, ನೀವೇ ನೋಡಿ” ಎಂದೆ. ಅವರು ಮಾಮೂಲಿ ನೀಲಿ ಶೀಟೇ ಹಾಕಿಸಿದರು. ಉಳಿದ ಹಣದಲ್ಲಿ ಬಚ್ಚಲಿಗೆ ಟೈಲ್ಸ್ ಆಯಿತಂತೆ.